ನಿಂತಾಗ ಬಾನೆಟ್ ತೆರೆಯಬಾರದು

ಜೂನ್ 9, ಸೋಮವಾರ

ಇವತ್ತೂ ನಿಂತಿತು. ಕೊರಟಗೆರೆ ಇನ್ನೇನು ಬಂತು ಅನ್ನುವಾಗ, ಏರಿನಲ್ಲಿ. ಮೊದಲು ಎಳೆತ ಕಡಿಮೆಯಾಗುತ್ತದೆ, ಆಮೇಲೆ ಸ್ಟೇರಿಂಗ್ ಬಿಗಿಯಾಗುತ್ತದೆ, ಆಮೇಲೆ ಸದ್ದಿಲ್ಲ. ಅಭ್ಯಾಸವಾಗಿದೆ. ಎಡಕ್ಕೆ ಹೊರಳಿಸಿ ಹುಣಸೆ ಮರದ ಕೆಳಗೆ ಬಿಟ್ಟೆ.

ಫೋನ್ ಕಿವಿಗಿಟ್ಟುಕೊಂಡೆ.

ಇದು ನಮ್ಮ ಮನೆಯವರು ಮಾಡಿದ ನಿಯಮ. ಕಾರು ನಿಂತರೆ ಬಾನೆಟ್ ತೆರೆಯಬಾರದು. ಇಳಿದು ಸುತ್ತ ಓಡಾಡಬಾರದು. ಫೋನ್ ಕಿವಿಗಿಟ್ಟುಕೊಂಡು ಕೂತಿರಬೇಕು — ಯಾರದೋ ಕರೆ ಬಂದಿದೆ, ಓಡಿಸುತ್ತಾ ಮಾತಾಡಬಾರದೆಂದು ಪಕ್ಕಕ್ಕೆ ನಿಲ್ಲಿಸಿದ್ದಾಳೆ, ತಿಳಿವಳಿಕೆಯ ಹೆಂಗಸು. ಹೋಗಿಬರುವವರು ಹಾಗೆ ಅಂದುಕೊಳ್ಳಬೇಕು. ಅರ್ಧ ಗಂಟೆ ತಣಿದರೆ ಗಾಡಿ ತಾನೇ ಹೊರಡುತ್ತದೆ.

ಬಲಗೈಯಲ್ಲಿ ಫೋನ್, ತೊಡೆಯ ಮೇಲೆ ಪುಸ್ತಕ. ಈ ರಷ್ಯನ್ ಕಾದಂಬರಿಯನ್ನು ಹೆಚ್ಚುಕಡಿಮೆ ನಿಂತ ಕಾರಿನಲ್ಲೇ ಓದಿದ್ದೇನೆ. ಅದರಲ್ಲೂ ಗಾಡಿಯ ಅಚ್ಚು ಮುರಿದು ಜನ ಹಿಮದಲ್ಲಿ ಕಾಯುತ್ತಾರೆ. ಬೈದುಕೊಳ್ಳುತ್ತಾರೆ, ಕುಡಿಯುತ್ತಾರೆ, ಒಬ್ಬ ಅಳುತ್ತಾನೆ. ಕರೆ ಬಂದವರಂತೆ ನಟಿಸುವವರು ಯಾರೂ ಇಲ್ಲ. ಅನುವಾದಕರು ಹಿಮಕ್ಕೆ ಒಂದೇ ಪದ ಬಳಸಿದ್ದಾರೆ. ಅವರೇನು ಮಾಡಿಯಾರು. ನಮ್ಮಲ್ಲಿ ಬಿಸಿಲಿಗಾದರೆ ನಾಲ್ಕಾರು ಸಿಗುತ್ತವೆ.

ಆಸ್ಪತ್ರೆ ತಲುಪಿದಾಗ ರಕ್ತ ಪರೀಕ್ಷೆಗೆ ಬಂದವರ ಸಾಲು ನನ್ನ ಲ್ಯಾಬಿನ ಬಾಗಿಲು ದಾಟಿತ್ತು. ಬಿಪಿ ನೋಡುತ್ತಿದ್ದ ಸಿಸ್ಟರ್ ಮಂಜಮ್ಮ ತಲೆ ಎತ್ತಿ, ‘ಅಷ್ಟೊತ್ತು ಯಾರ್ ಮೇಡಂ ಫೋನಲ್ಲಿ?’ ಅಂದರು. ಮಧುಗಿರಿ ಬಸ್ಸಿನಲ್ಲಿ ಬಂದವರು ಆಗಲೇ ಹೇಳಿದ್ದರು. ಅಂದರೆ ನಿಯಮ ಕೆಲಸ ಮಾಡುತ್ತಿದೆ.

ಜೂನ್ 12, ಗುರುವಾರ

ಸಂಜೆ ಕಾರಿನ ಬೀಗದ ಕೈ ಕೊಡಲು ಇವರ ಅಂಗಡಿಗೆ ಹೋದೆ. ರೇಣುಕಪ್ರಸಾದ್ ಹಾರ್ಡ್‌ವೇರ್ಸ್. ಪೈಪು, ಪಂಪು, ವೈರು ಎಲ್ಲ ಇದೆ. ಆದರೆ ಜನ ಬರುವುದು ಇವರ ಮಾತಿಗೆ. ಯಾವ ಮೋಟಾರು ಬಾಳಿಕೆ ಬರುತ್ತದೆ, ಯಾವ ಟೈಲ್ಸ್ ಜಾರುವುದಿಲ್ಲ, ಹುಡುಗನ ಮನೆಯವರು ಹೇಗೆ — ಎಲ್ಲಾ ಕೇಳುತ್ತಾರೆ. ಇವರೂ ಹೇಳುತ್ತಾರೆ. ತಪ್ಪಿದ್ದು ಕಡಿಮೆ.

ನಾಲ್ಕು ವರ್ಷದ ಹಿಂದೆ ಮಧುಗಿರಿಗೆ ಮೊದಲ ತಕೆಮೊ ತಂದದ್ದು ಇವರೇ. ಜಪಾನ್ ಕಂಪನಿಯ ಕಾರು. ‘ಆ ಇಂಜಿನ್ ಕಿತ್ತು ಬಾವಿಗೆ ಇಳಿಸಿದ್ರೂ ನೀರೆತ್ತುತ್ತೆ’ ಅಂತ ಇವರು ಅಂದ ಮಾತು ಈಗ ಊರಿನ ಮಾತು. ಅದನ್ನು ನಂಬಿ ಏಳು ಮನೆಯವರು ಅದೇ ಗಾಡಿ ತಂದರು. ನಮ್ಮದು ಎರಡನೇ ವರ್ಷದಿಂದ ನಿಲ್ಲತೊಡಗಿತು. ಉಳಿದ ಏಳೂ ಚೆನ್ನಾಗಿವೆಯಂತೆ. ನಮ್ಮದೊಂದೇ ಹೀಗೆ. ಇವರ ಪ್ರಕಾರ ನಮ್ಮ ಹಣೆಬರಹ, ಕಂಪನಿಯದಲ್ಲ.

ಹುಣಸೆ ಮಂಡಿಯ ಶಂಕರಲಿಂಗಪ್ಪನವರು ಸ್ಟೂಲಿನ ಮೇಲೆ ಕೂತಿದ್ದರು. ತಮ್ಮ ತಕೆಮೊ ಬಗ್ಗೆ ಯಾರೋ ಹೊಸಬನಿಗೆ ಹೇಳುತ್ತಿದ್ದರು: ‘ಬೆಣ್ಣೆ ಕಣಪ್ಪ, ಬೆಣ್ಣೆ. ಕೀ ತಿರುಗ್ಸಿದ್ದೇ ಗೊತ್ತಾಗಕ್ಕಿಲ್ಲ.’ ಇವರು ತಲೆಯಾಡಿಸಿದರು. ನಾನು ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಜೂನ್ 15, ಭಾನುವಾರ

ಶಿರಾಕ್ಕೆ ಹೋಗಿಬಂದೆವು. ‘ಮದುವೆಗೆ.’

ರಿಪೇರಿಯನ್ನು ಮಧುಗಿರಿಯಲ್ಲಿ ಮಾಡಿಸುವಂತಿಲ್ಲ. ನಮ್ಮ ಬೀದಿಯ ತುದಿಯಲ್ಲೇ ಭೀಮರಾಜುವಿನ ಗ್ಯಾರೇಜು; ಅಲ್ಲಿ ಕಾರು ನಿಂತರೆ ಸಂಜೆಯೊಳಗೆ ಊರಿಗೆ ಗೊತ್ತು. ತುಮಕೂರಿನ ಷೋರೂಮಿನವರು ಕಂಪ್ಯೂಟರ್ ಸಿಕ್ಕಿಸಿ ನೋಡಿ, ‘ಎರರ್ ಏನೂ ತೋರಿಸ್ತಿಲ್ಲ’ ಅನ್ನುತ್ತಾರೆ. ಅವರ ಮುಂದೆ ನಿಲ್ಲುವುದೂ ಇಲ್ಲ. ಹಾಗಾಗಿ ಬಡವನಹಳ್ಳಿ ಮೇಲೆ ಶಿರಾ, ಬಾಬಾಜಾನ್ ಶೆಡ್ಡು. ಬೆಳಿಗ್ಗೆ ಬೀದಿಯವರಿಗೆ ಕಾಣಲೆಂದು ರೇಷ್ಮೆ ಸೀರೆ ಉಟ್ಟೆ. ಇವರು ಹೊಸ ಪಂಚೆ. ದಾರಿಯಲ್ಲಿ ಒಮ್ಮೆ ನಿಂತಿತು. ಫೋನ್ ಹಿಡಿದೆ.

ಶೆಡ್ಡಿನಲ್ಲಿ ಹಳೇ ಫ್ಲೆಕ್ಸ್ ಬ್ಯಾನರು ಹೊದಿಸಿದ ಮೂರು ಕಾರುಗಳು, ಆಕಾರ ನೋಡಿದರೆ ನಮ್ಮದರಂಥವೇ. ನಂಬರ್ ಪ್ಲೇಟುಗಳಿಗೆ ಗೋಣಿಚೀಲ ಕಟ್ಟಿತ್ತು. ಯಾಕೆಂದು ಕೇಳಲಿಲ್ಲ. ಗಾಳಿಗೆ ಒಂದರ ಫ್ಲೆಕ್ಸ್ ಹಾರಿ ಹಿಂದಿನ ಗಾಜು ಕಂಡಿತು. ಗಾಜಿನ ಮೇಲೆ ಗುಲಾಬಿ ಅಕ್ಷರದಲ್ಲಿ ‘ಜಗದಾಂಬ ಕೃಪೆ’. ಆ ಸ್ಟಿಕ್ಕರ್ ನನಗೆ ಗೊತ್ತು. ಶಂಕರಲಿಂಗಪ್ಪನವರ ತಾಯಿಯ ಹೆಸರು.

ಇವರೂ ನೋಡಿದರು. ಆ ಕಡೆ ತಿರುಗಿ ಟೈರು ನೋಡುತ್ತಾ ನಿಂತರು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಶಂಕರಲಿಂಗಪ್ಪನವರೇ ಬಂದರು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಹೆಗಲಿಗೆ ಜರಿ ಶಲ್ಯ, ಹಣೆಗೆ ವಿಭೂತಿ. ನಮ್ಮನ್ನು ಕಂಡು ನಿಂತುಬಿಟ್ಟರು. ಹಿಂದೆ ಹೋಗುವುದಕ್ಕೂ ತಡವಾಗಿತ್ತು.

‘ಮದ್ವೆ ಇತ್ತು ಇಲ್ಲಿ,’ ಅಂದರು.

‘ನಮ್ಗೂ,’ ಅಂದರು ಇವರು.

ಯಾರ ಮದುವೆ ಅಂತ ಇಬ್ಬರೂ ಕೇಳಲಿಲ್ಲ. ಬಾಬಾಜಾನ್ ಮೂರು ಟೀ ತರಿಸಿದ. ಮೂವರೂ ಕುಡಿದೆವು, ಮಳೆಯ ಮಾತಾಡಿದೆವು. ಶಂಕರಲಿಂಗಪ್ಪನವರು ತಮ್ಮ ಕಾರಿನ ಕಡೆ ಒಮ್ಮೆಯೂ ನೋಡದೆ, ಊಟದ ಹೊತ್ತಾಯಿತೆಂದು ಹೊರಟರು.

ಅವರು ಹೋದ ಮೇಲೆ ನಾನೇ ಬಾಬಾಜಾನನನ್ನು ಕೇಳಿದೆ — ಮೂರೂ ಮಧುಗಿರಿಯವೇ?

‘ನಾನ್ ನಂಬರ್ ನೋಡಲ್ಲ ಮೇಡಂ,’ ಅಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, ‘ನಮ್ ಶಿರಾದೋರು ಹಿರಿಯೂರಿಗೆ ತಗೊಂಡ್ ಹೋಗ್ತಾರೆ. ಕೊರಟಗೆರೆಯೋರು ಗೌರಿಬಿದನೂರಿಗೆ. ಪಾವಗಡದೋರು ಹಿಂದೂಪುರಕ್ಕೆ. ಎಲ್ಲಾರ್ಗೂ ಮಾನ, ಇಜ್ಜತ್ ಐತಲ್ಲ.’

ಕಾಯಿಲೆ ಏನೆಂದು ಅವನಿಗೂ ಗೊತ್ತಿಲ್ಲ. ಪೆಟ್ರೋಲ್ ಪಂಪು ಇರಬಹುದು, ಸೆನ್ಸಾರ್ ಇರಬಹುದು. ಒಂದನ್ನು ಬದಲಾಯಿಸಿದ. ಸ್ವಲ್ಪ ದಿನ ಸುಮ್ಮನಿರುತ್ತದೆ ಅಂದ.

ವಾಪಸ್ ಬರುವಾಗ ಬಡವನಹಳ್ಳಿ ದಾಟಿದ ಮೇಲೆ ನಾನು ‘ಅವರದೂ’ ಅಂದೆ. ‘ಸರ್ವೀಸಿಗೆ ಬಿಟ್ಟಿರ್ತಾರೆ’ ಅಂದರು.

ಜೂನ್ 24, ಮಂಗಳವಾರ

ಮಂಜಮ್ಮ ಊಟದ ಹೊತ್ತಿಗೆ ಲ್ಯಾಬಿಗೆ ಬಂದು ಬಾಗಿಲು ಮುಂದೆ ಮಾಡಿದರು. ಅವರ ಗಂಡ ಚಿಕ್ಕನರಸಯ್ಯ ಮೇಷ್ಟ್ರ ರಿಪೋರ್ಟು ಕೇಳಲು ಬಂದರೆಂದುಕೊಂಡೆ. ಮೇಷ್ಟ್ರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ತೋವಿನಕೆರೆಯಿಂದ ತುಮಕೂರಿಗೆ, ಬಾಡಿಗೆ ಕಾರಿನಲ್ಲಿ. ಕಳೆದ ವಾರ ಆ ಡ್ರೈವರ್ ಯಾವುದೋ ತಿರುಪತಿ ಬಾಡಿಗೆ ಹಿಡಿದು ಬರಲೇ ಇಲ್ಲ. ಮರುದಿನ ಅವರ ಪೊಟ್ಯಾಸಿಯಂ ಏರಿದ್ದು ನೋಡಿ ಮೆಷಿನ್ ತಪ್ಪಿರಬಹುದೆಂದು ಎರಡನೇ ಸಲ ಹಾಕಿದೆ. ಮೆಷಿನ್ ತಪ್ಪಿರಲಿಲ್ಲ.

ಮಂಜಮ್ಮ ಸ್ವಂತ ಕಾರು ತೆಗೆಯುತ್ತಿದ್ದಾರೆ. ಓಡಿಸಲು ತಮ್ಮ ಯುವರಾಜ್ ಇದ್ದಾನೆ. ಯುವರಾಜ್ ನಮ್ಮ ಅಂಗಡಿಗೆ ಹೋಗಿ ಕೇಳಿದ್ದಾನೆ. ಇವರು ಕಣ್ಣು ಮುಚ್ಚಿಕೊಂಡು ತಕೆಮೊ ತಗೋ ಅಂದಿದ್ದಾರೆ. ಶಿರಾದಿಂದ ಬಂದ ಮೇಲೆ ಅಂದಿದ್ದಾರೆ.

‘ಅಣ್ಣಾರು ಹೇಳವ್ರೆ, ಸರಿ. ಆದ್ರೆ ನೀವೊಂದ್ಮಾತು ಹೇಳ್ಬುಡಿ ಮೇಡಂ. ನೀವು ರಿಪೋರ್ಟಲ್ಲಿ ಪಾಯಿಂಟ್ ಆದ್ಮೇಲಿಂದೂ ಬಿಡಾಕಿಲ್ಲ. ನಮ್ಗೆ ಬೇರೆ ಏನೂ ಬ್ಯಾಡ. ಅದು ದಾರೀಲಿ ನಿಲ್ಬಾರ್ದು, ಅಷ್ಟೇಯ.’

ನಾನು ‘ನಮ್ಮನೆಯವರು ಹೇಳಿದಾರಲ್ಲ’ ಅಂದೆ.

ಸುಳ್ಳಲ್ಲ. ನಿಜವೂ ಅಲ್ಲ. ಮಂಜಮ್ಮನ ಮುಖ ಹಗುರಾದದ್ದು ಕಂಡೆ. ಆಮೇಲೆ ಒಂದು ಸ್ಲೈಡನ್ನು ಸುಮ್ಮನೆ ಬಹಳ ಹೊತ್ತು ನೋಡಿದೆ.

ಜೂನ್ 29, ಭಾನುವಾರ

ಎಲ್ಲವೂ ಕೆಟ್ಟಿವೆಯೋ, ನಾಲ್ಕೇ ಕೆಟ್ಟಿವೆಯೋ ತಿಳಿಯದೆ ಏನು ಹೇಳುವುದು. ಮಿಡಿಗೇಶಿಗೆ ಹೋದೆ, ಬಸ್ಸಿನಲ್ಲಿ. ಚಿಕ್ಕಹನುಮಕ್ಕ ಪಾವಗಡದಲ್ಲಿ ಹೈಸ್ಕೂಲ್ ಟೀಚರ್. ಅವರ ತಕೆಮೊ ನಮ್ಮದರ ಬೆನ್ನಿಗೇ ಬಂದದ್ದು, ಅದೇ ತಿಂಗಳು, ಅದೇ ಬೂದು ಬಣ್ಣ.

ಕೇಳಿದ ಕೂಡಲೆ ಬೀಗದ ಕೈ ನನ್ನ ಕೈಗೇ ಕೊಟ್ಟರು. ಓಡಿಸಿ ನೋಡಿ ಅಂದರು. ಪಾವಗಡದವರೆಗೆ ಹೋಗಿ ಬಂದೆವು, ಉರಿಬಿಸಿಲಿನಲ್ಲಿ. ಎಲ್ಲೂ ಎಳೆತ ಕಡಿಮೆಯಾಗಲಿಲ್ಲ. ಏರು ಬಂದಾಗಲೆಲ್ಲ ನನ್ನ ಎಡಗೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಅವರು ಅದನ್ನು ಗಮನಿಸಿರಬೇಕು.

‘ನಿಮ್ದು ನಿಂತ್ಕಂತದಾ?’ ಅಂತ ನೇರ ಕೇಳಿದರು.

‘ನಿಲ್ಲುತ್ತೆ.’

ಮೊದಲ ಸಲ ಹೇಳಿದ್ದು. ಇಷ್ಟು ಸುಲಭವೇ ಅನ್ನಿಸಿತು.

‘ಅಯ್ಯೋ ಶಿವನೆ. ನಾನು ಎಲ್ಲಾರ್ದೂ ನಮ್ದರಂಗೇ ಚೆಂದಾಗೈತೆ ಅಂತ ಪಾವಗಡದ ಸ್ಟಾಫ್ ರೂಮೆಲ್ಲ ಸಾರ್ಕಂಡ್ ಬಂದೀನಲ್ಲಮ್ಮ. ಒಬ್ರಾದ್ರೂ ಬಾಯ್ಬಿಡಬಾರ್ದಾ?’

ಅವರು ಸುಳ್ಳು ಹೇಳಿದವರಲ್ಲ. ಅವರ ಕಾರು ನಿಜವಾಗಿ ನಿಲ್ಲುವುದಿಲ್ಲ. ಅವರ ನಿಜವೂ ಶಂಕರಲಿಂಗಪ್ಪನವರ ಬೆಣ್ಣೆಯೂ ಒಟ್ಟಿಗೆ ಸೇರಿ ಒಂದೇ ಹೆಸರಾಗಿದೆ. ಯಾವುದು ಎಷ್ಟು ಪಾಲು, ಬೇರ್ಪಡಿಸುವ ದಾರಿ ನನಗೆ ಗೊತ್ತಿಲ್ಲ.

ಮಜ್ಜಿಗೆ ಕೊಟ್ಟರು. ಬಸ್ಸು ಬಹಳ ತಡವಾಗಿ ಬಂತು.

ಜುಲೈ 2, ಬುಧವಾರ

ಊಟ ಮಾಡುವಾಗ ಹೇಳಿದೆ. ಮಂಜಮ್ಮನಿಗೆ ನಿಜ ಹೇಳಿಬಿಡಿ, ಇಲ್ಲವೇ ನಾನು ಹೇಳುತ್ತೇನೆ.

ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಅನುಕೂಲವಿತ್ತು. ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು.

‘ಪಂಪ್ ಸುಟ್ಟೋದ್ರೆ ಬೇರೆ ಪಂಪ್ ಕೊಡ್ತೀನಿ, ಲೋಹಿತಾ. ಮಾತು ಸುಟ್ಟೋದ್ರೆ ಏನ್ ಕೊಡ್ಲಿ?’

‘ಆ ಮೇಷ್ಟ್ರು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ?’

‘ಅವ್ರ್ದು ಹಂಗಾಗುತ್ತೆ ಅಂತ ಯಾಕೆ ಅಂದ್ಕೋತೀಯ? ಮಿಡಿಗೇಶಿಯೋರ್ದು ನೋಡ್ಕೊಂಡ್ ಬಂದ್ಯಲ್ಲ. ಕೆಟ್ಟದ್ದು ನಮ್ದು. ಅದಕ್ಕೆ ಬೇರೆಯೋರ್ನ ಯಾಕೆ ಹೆದರಿಸ್ಬೇಕು?’

ಶಿರಾದ ಮೂರು ಕಾರು ಅಂದೆ. ಎದ್ದು ಕೈ ತೊಳೆದರು. ಅರ್ಧ ಮುದ್ದೆ ತಟ್ಟೆಯಲ್ಲೇ ಇತ್ತು. ಇವರ ಬೆನ್ನು ಬಾಗಿದೆ ಅಂತ ಇವತ್ತೇ ನೋಡಿದ್ದು.

ಜುಲೈ 13, ಭಾನುವಾರ

ಹತ್ತು ದಿನ ಏನೂ ಬರೆಯಲಿಲ್ಲ. ಬರೆಯಲು ಏನೂ ಆಗಲಿಲ್ಲ — ಅದೇ ತೊಂದರೆ. ಬಾಬಾಜಾನ್ ಹೇಳಿದಂತೆ ಕಾರು ಸುಮ್ಮನಿದೆ. ಮಂಜಮ್ಮ ಮುಂಗಡ ಕೊಟ್ಟಾಯಿತು. ಡೆಲಿವರಿ ಮುಂದಿನ ಶುಕ್ರವಾರ, ಒಳ್ಳೆಯ ದಿನವಂತೆ.

ಬಾಯಲ್ಲಿ ಹೇಳಲಾಗದಿದ್ದರೆ ಕಣ್ಣಿಗೆ ಕಾಣಲಿ ಅಂತ ಒಂದು ಉಪಾಯ ಮಾಡಿದೆ. ತುಮಕೂರಿಗೆ ಹೋಗುವುದಿದೆ, ಬರುತ್ತೀರಾ, ಗಾಡಿ ಹೇಗಿದೆ ನೀವೇ ನೋಡಿ ಅಂತ ಮಂಜಮ್ಮನನ್ನು ಕರೆದೆ. ಮೇಷ್ಟ್ರನ್ನಲ್ಲ, ಅವರೊಬ್ಬರನ್ನೇ. ತೋವಿನಕೆರೆಯಿಂದ ತುಮಕೂರು, ಅಲ್ಲಿಂದ ಕೊರಟಗೆರೆ ಸುತ್ತಿ ವಾಪಸ್. ಏಸಿ ಹಾಕಿದೆ, ಬೇಕೆಂದೇ ಎಲ್ಲೂ ತಣಿಯಲು ಬಿಡಲಿಲ್ಲ. ನಿಲ್ಲು ಅಂತ ಒಳಗೇ ಬೇಡಿಕೊಂಡೆ.

ನಿಲ್ಲಲಿಲ್ಲ. ಇಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಮಂಜಮ್ಮ ಸೀಟು ಸವರಿದರು, ಕಿಟಕಿ ಏರಿಸಿ ಇಳಿಸಿದರು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಬಹುದು ಅಂದರು. ಬರುವಾಗ ಬಹಳ ಸುಸ್ತಾಗಿರುತ್ತಾರಂತೆ, ಕತ್ತು ನಿಲ್ಲುವುದಿಲ್ಲವಂತೆ.

ಅವರ ಮನೆ ಮುಂದೆ ಹೇಳಿಯೇಬಿಟ್ಟೆ.

‘ಮಂಜಮ್ಮ, ಇದು ನಿಲ್ಲುತ್ತೆ. ಬಿಸಿಯಾದರೆ ದಾರಿ ಮಧ್ಯೆ ನಿಲ್ಲುತ್ತೆ. ಅವತ್ತು ನನಗೆ ಯಾವ ಫೋನೂ ಬಂದಿರಲಿಲ್ಲ.’

ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕರು.

‘ಗೊತ್ತಾಯ್ತು ಬುಡಿ ಮೇಡಂ. ನಮ್ಮವ್ವನೂ ಇಂಗೇಯ. ಎಮ್ಮೆ ಎರಡು ಸೇರು ಕರೆದ್ರೆ, ಅಯ್ಯೋ ಬತ್ತೋಗೈತೆ ಅನ್ನೋಳು. ಕಣ್ಣಾಗ್ತದೆ ಅಂತ.’

ಇಲ್ಲ, ನಿಜವಾಗಿ ಅಂದೆ. ‘ಆಯ್ತು, ಆಯ್ತು’ ಅಂದು, ಒಳಗಿಂದ ಒಂದು ನಿಂಬೆಹಣ್ಣು ತಂದು ಕಾರಿಗೆ ನಿವಾಳಿಸಿ ಮುಂದಿನ ಚಕ್ರದ ಕೆಳಗಿಟ್ಟರು. ಅದರ ಮೇಲೆ ಹತ್ತಿಸಿಕೊಂಡು ಬಂದೆ.

ಆ ರಷ್ಯನ್ ಕಾದಂಬರಿ ಮುಗಿಯಿತು. ಕೊನೆಯಲ್ಲಿ ಒಬ್ಬ ನಿಜ ಹೇಳುತ್ತಾನೆ, ಎಲ್ಲರೂ ತಲೆ ತಗ್ಗಿಸಿ ಕೇಳುತ್ತಾರೆ. ಅಲ್ಲಿ ದೃಷ್ಟಿ ತೆಗೆಯುವವರು ಇಲ್ಲವೇನೋ.

ಜುಲೈ 17, ಗುರುವಾರ

ನಿಂತಿತು.

ಬೆಳಿಗ್ಗೆ, ಏರಿನಲ್ಲಲ್ಲ. ಏರು ದಾಟಿಸಿತು, ಊರೊಳಗೆ ಬಂತು, ಕೊರಟಗೆರೆ ಬಸ್ ಸ್ಟ್ಯಾಂಡಿನ ಎದುರು ಎಳೆತ ಹೋಯಿತು. ಹಿಂದೆ ಬಸ್ಸು. ಹಾರ್ನ್. ಎಡಕ್ಕೆ ಹೊರಳಿಸುವಷ್ಟೂ ಓಟ ಉಳಿದಿರಲಿಲ್ಲ.

ಫೋನ್ ಕಿವಿಗಿಟ್ಟೆ. ಎದುರಿಗೆ ತೋವಿನಕೆರೆ ಬಸ್ಸು ಬಂದು ನಿಂತು ಜನ ಇಳಿಯುತ್ತಿದ್ದರು. ಅವರಲ್ಲಿ ಮಂಜಮ್ಮ. ನನ್ನನ್ನು ನೋಡಿ, ಫೋನಿನಲ್ಲಿದ್ದೀನಿ ಅಂತ, ತೊಂದರೆ ಕೊಡಬಾರದೆಂದು ಕೈ ಮಾತ್ರ ಎತ್ತಿ ಆಸ್ಪತ್ರೆ ಕಡೆ ಹೊರಟರು. ನಾಳೆ ಶುಕ್ರವಾರ.

ಫೋನ್ ಸೀಟಿನ ಮೇಲೆ ಹಾಕಿದೆ. ಇಳಿದೆ.

ಬಾನೆಟ್ ತೆರೆಯುವ ಹಿಡಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ಸ್ಟೇರಿಂಗ್ ಕೆಳಗೆ ತಡಕಾಡಿದೆ. ಮೊದಲು ಪೆಟ್ರೋಲ್ ಮುಚ್ಚಳ ತೆರೆಯಿತು. ಆಮೇಲೆ ಸಿಕ್ಕಿತು. ಮುಂದೆ ಬಂದು ಎತ್ತಿದೆ. ಆನಿಸುವ ಕಡ್ಡಿ ಎಲ್ಲಿ ಸಿಕ್ಕಿಸಬೇಕೋ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತೆ.

ಜನ ಸೇರಿದರು. ‘ತಕೆಮೊ ಅಲ್ವಾ? ಅದು ನಿಲ್ಲಲ್ವಲ್ಲ?’ ಅಂತ ಒಬ್ಬ. ಹಿಂದಿನ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, ‘ಬುಡಿ ಮೇಡಂ, ಇಳ್ಸಿ ಬನ್ನಿ, ನಮ್ ಬಸ್ಸು ಹತ್ಕಳಿ’ ಅಂದ. ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು. ನಂಬರ್ ಪ್ಲೇಟು ಬರುವಂತೆ ತೆಗೆದರು. ತೋಳು ನೋಯತೊಡಗಿತು.

ಮಂಜಮ್ಮ ವಾಪಸ್ ಬಂದರು. ಬ್ಯಾಗು ನೆಲಕ್ಕಿಟ್ಟು, ನನ್ನ ಪಕ್ಕ ನಿಂತು ಅವರೂ ಬಾನೆಟ್ಟಿಗೆ ಕೈ ಕೊಟ್ಟರು. ಒಳಗಿನ ಬಿಸಿ ಇಬ್ಬರ ಮುಖಕ್ಕೂ ಹೊಡೆಯುತ್ತಿತ್ತು.

‘ಹೇಳಿದ್ರಿ ನೀವು,’ ಅಂದರು.

‘ಹೇಳಿದೆ.’

‘ಆದ್ರೆ ಮೊದಲ್ನೇ ಸಲ ಕೇಳ್ದಾಗ ಹೇಳ್ಲಿಲ್ಲ.’

‘ಹೇಳಲಿಲ್ಲ.’

ಕಂಡಕ್ಟರ್ ಇಳಿದು ಬಂದು ಕಡ್ಡಿ ಸಿಕ್ಕಿಸಿಕೊಟ್ಟ.

ಸಂಜೆ ಇವರು ಮನೆಗೆ ಬರುವಷ್ಟರಲ್ಲಿ ವಿಡಿಯೋ ಅಂಗಡಿಗೆ ಬಂದು ಹೋಗಿತ್ತು. ಚಪ್ಪಲಿ ಬಿಡುತ್ತಾ ಕೇಳಿದರು:

‘ಫೋನ್ ಇರ್ಲಿಲ್ವಾ?’

‘ಇತ್ತು,’ ಅಂದೆ.

ಜುಲೈ 18, ಶುಕ್ರವಾರ

ಯುವರಾಜ್ ಡೆಲಿವರಿ ಬೇಡ ಅಂದನಂತೆ. ಮಂಜಮ್ಮ ಲ್ಯಾಬಿಗೆ ಬಂದು ಹೇಳಿದರು. ಬೇರೆ ಯಾವ ಗಾಡಿ ಅಂತ ಇನ್ನೂ ತೋಚಿಲ್ಲ. ಬಾಡಿಗೆ ಡ್ರೈವರನ್ನೇ ಬದಲಾಯಿಸಿದ್ದಾರೆ, ಊರಿನವನೇ, ತಿರುಪತಿಗೆ ಹೋಗದವನು.

‘ಮಿಡಿಗೇಶಿ ಮೇಡಮ್ಮಂದು ನಿಲ್ಲಾಕಿಲ್ವಂತೆ?’ ಅಂತ ಕೇಳಿದರು.

ಇಲ್ಲ ಅಂದೆ.

‘ನಮ್ಗೆ ಯಾವ ಥರದ್ದು ಬರ್ತಿತ್ತೋ.’

‘ಗೊತ್ತಿಲ್ಲ ಮಂಜಮ್ಮ. ನಿಜವಾಗಿ ಗೊತ್ತಿಲ್ಲ.’

ತಲೆಯಾಡಿಸಿದರು. ಇದನ್ನು ದೃಷ್ಟಿಗೆ ಹೆದರಿ ಹೇಳಿದ್ದು ಅಂದುಕೊಳ್ಳಲಿಲ್ಲ. ಅವರ ಗಂಡನ ಸ್ಯಾಂಪಲ್ ಕೊಟ್ಟು ಹೋದರು. ಪೊಟ್ಯಾಸಿಯಂ ಪರವಾಗಿಲ್ಲ.

ಇವರು ನನ್ನ ಜೊತೆ ಮಾತಾಡಿಲ್ಲ. ನೀರು ಕೊಟ್ಟರೆ ಕುಡಿಯುತ್ತಾರೆ.

ಜುಲೈ 20, ಭಾನುವಾರ, ಬೆಳಿಗ್ಗೆ ಹತ್ತೂವರೆ

ನಿನ್ನೆ ಅಂಗಡಿಗೆ ಶಂಕರಲಿಂಗಪ್ಪನವರು ಬಂದಿದ್ದರಂತೆ. ಸ್ಟೂಲಿನ ಮೇಲೆ ಕೂತು, ಗಿರಾಕಿಗಳೆಲ್ಲ ಹೋಗುವವರೆಗೂ ಕಾದು, ‘ನಮ್ದೂ ಕಣ್ರೀ’ ಅಂದರಂತೆ. ಅಷ್ಟೇ ಅಂದು ಎದ್ದು ಹೋದರಂತೆ. ಇದನ್ನು ಇವರು ಬೆಳಿಗ್ಗೆ ಹೇಳಿದರು, ಗೋಡೆಯ ಕ್ಯಾಲೆಂಡರ್ ನೋಡುತ್ತಾ. ಮೂರು ದಿನದ ಮೇಲೆ ಮೊದಲ ಮಾತು.

ಇವತ್ತು ಮತ್ತೆ ಶಿರಾ ಅಂದುಕೊಂಡಿದ್ದೆ. ರೇಷ್ಮೆ ಸೀರೆ ತೆಗೆದು ಮಂಚದ ಮೇಲಿಟ್ಟೆ. ಇವರು ಅದನ್ನು ನೋಡಿದರು. ‘ಬೇಡ ಬಿಡು’ ಅಂದು ಹೊರಗೆ ಹೋದರು. ಯಾವುದು ಬೇಡ ಎಂದು ಹೇಳಲಿಲ್ಲ. ಸೀರೆ ಮಡಿಸಿಟ್ಟು ಇದನ್ನು ಬರೆಯಲು ಕೂತೆ.

ನಮ್ಮ ಮನೆ ಶೆಡ್ಡಿನ ಬಾಗಿಲು ತೆರೆದ ಸದ್ದು. ಕಾರು ಹೊರಗೆ ಬಂತು. ದೂರ ಹೋಗಲಿಲ್ಲ — ಬೀದಿಯಲ್ಲೇ, ಮನೆಯ ಮುಂದೆಯೇ ನಿಂತಿತು. ಈ ಸಲ ತಾನಾಗಿ ನಿಂತದ್ದಲ್ಲ. ಇಂಜಿನ್ ಆರಿಸಿದರು.

ಕಿಟಕಿಯಿಂದ ಕಾಣುತ್ತದೆ. ಬಾನೆಟ್ ಎತ್ತಿದ್ದಾರೆ. ಕಡ್ಡಿ ಸಿಕ್ಕಿಸಲು ಇವರಿಗೂ ಬರುತ್ತಿಲ್ಲ. ಬೀದಿ ತುದಿಯಿಂದ ಭೀಮರಾಜು ಸ್ಪ್ಯಾನರ್ ಚೀಲ ಹಿಡಿದು ಬರುತ್ತಿದ್ದಾನೆ. ಇವರೇ ಕರೆಸಿರಬೇಕು. ಎದುರು ಮನೆಯವರು ಜಗಲಿಗೆ ಬಂದರು. ಹಾಲಿನವನು ಗಾಡಿ ನಿಲ್ಲಿಸಿದ.

ಭೀಮರಾಜು ಒಳಗೆ ಬಗ್ಗಿ ನೋಡಿದ. ಆಮೇಲೆ ಕೇಳಿದ, ಬೀದಿಗೆಲ್ಲ ಕೇಳುವ ಹಾಗೆ:

‘ಎಷ್ಟು ದಿನದಿಂದ ಅಣ್ಣ ಇಂಗೆ?’

ಇವರು ಎದುರು ಜಗಲಿಯ ಕಡೆ ಒಮ್ಮೆ ನೋಡಿದರು. ನನ್ನ ಕಿಟಕಿಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ —